ಬರ್ಮಾದ ಡಾಕ್ಟ್ರಮ್ಮನನ್ನು ಇಂಗ್ಲಿಷಿನ ಬಾಗಿಲಲ್ಲಿ ಕಾಯಿಸಬೇಡಿ

ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಅಧ್ಯಕ್ಷರಿಗೆ, ಸದಸ್ಯರಿಗೆ, ಕನ್ನಡದ ಪ್ರಕಾಶಕರಿಗೆ ಮತ್ತು ಅನುವಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ಕೇಳುವುದು ಒಂದೇ. ಬರ್ಮೀಸ್ ಭಾಷೆಯ ಜನಪ್ರಿಯ ಕಾದಂಬರಿಗಾರ್ತಿ ಜೂ ಅವರ ಒಂದು ಪುಸ್ತಕವನ್ನಾದರೂ ಕನ್ನಡಕ್ಕೆ ತನ್ನಿ. ತರುವಾಗ ನೇರ ಬರ್ಮೀಸಿನಿಂದಲೇ ತನ್ನಿ. ಮೊದಲು ಇಂಗ್ಲಿಷಿಗೆ ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಅದು ಬರುವುದೂ ಇಲ್ಲ, ನಾವು ನೋಡುವುದೂ ಇಲ್ಲ. ಯಾಕೆ ಹೀಗೆನ್ನುತ್ತೇವೆ, ಕೆಲಸಕ್ಕೆ ಕೈಹಾಕಿದವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ವಿವರವಾಗಿ ಬರೆದಿದ್ದೇವೆ. ಪತ್ರ ಉದ್ದವಾಯಿತು, ಮನ್ನಿಸಿ.

ಜೂ ಎಂಬುದು ಕಾವ್ಯನಾಮ. ನಿಜ ಹೆಸರು ತಿನ್ ತಿನ್ ವಿನ್. ಹುಟ್ಟೂರು ಐರಾವತಿ ನದಿಯ ದಂಡೆಯ ಯೇನಂಜೌಂಗ್. ಯೇ ಅಂದರೆ ನೀರು, ನಂ ಅಂದರೆ ನಾತ, ಚೌಂಗ್ ಅಂದರೆ ಹಳ್ಳ. ನಾರುವ ನೀರೆಂದರೆ ಕಲ್ಲೆಣ್ಣೆ. ಜನ ಬಾವಿ ತೋಡಿ ಕೈಯಿಂದ ಕಲ್ಲೆಣ್ಣೆ ಎತ್ತುತ್ತಿದ್ದ ಊರು ಅದು. ಜಪಾನೀಯರ ಪಾಲಾಗಬಾರದೆಂದು 1942ರ ಏಪ್ರಿಲ್‌ನಲ್ಲಿ ಬ್ರಿಟಿಷರೇ ಅಲ್ಲಿನ ಎಣ್ಣೆ ಬಾವಿಗಳನ್ನು ಹಾಳುಗೆಡವಿದರು. ಜೂ ಡಾಕ್ಟರಿಕೆ ಓದಿದ್ದು ಮಂಡಲೇಯ ವೈದ್ಯಕೀಯ ಸಂಸ್ಥೆಯಲ್ಲಿ. ನಮ್ಮವರಿಗೆ ಮಂಡಲೇ ಎಂದರೆ 1908ರಿಂದ 1914ರವರೆಗೆ ಟಿಳಕರನ್ನು ಇಟ್ಟಿದ್ದ ಸೆರೆಮನೆ. ಆ ಸೆರೆಮನೆಯ ಗೋಡೆಯಾಚೆ ಒಂದು ಊರಿದೆ, ಅಲ್ಲಿನವರು ಕಾದಂಬರಿ ಓದುತ್ತಾರೆ ಎಂಬುದು ನಮ್ಮ ಲೆಕ್ಕಕ್ಕೆ ಬಂದಿಲ್ಲ.

ಅವರಿಗೆ ಹೆಸರು ತಂದ ಕಾದಂಬರಿ 1987ರದು. ಮದುವೆಯಾಗದೆ ಗಂಡಿನ ಸಂಗ ಮಾಡಿದ ಹೆಣ್ಣನ್ನು ಕತೆಯ ನಡುವೆ ನಿಲ್ಲಿಸಿದ್ದಕ್ಕೆ ಗದ್ದಲವೆದ್ದಿತು, ಪುಸ್ತಕವೂ ಓಡಿತು. ಆ ವರ್ಷ ಎಂಥದ್ದೆಂದು ನೆನಪಿರಲಿ. ಸೆಪ್ಟೆಂಬರ್ 5ರಂದು 25, 35 ಮತ್ತು 75ರ ನೋಟುಗಳು ಇನ್ನು ಚಲಾವಣೆಯಲ್ಲಿಲ್ಲ ಎಂದು ಅಲ್ಲಿನ ಸರ್ಕಾರ ಸಾರಿತು, ಬದಲಿ ಕೊಡಲಿಲ್ಲ. ನಮಗೆ 2016ರಲ್ಲಿ ಸಾಲು ನಿಂತಾದರೂ ಬದಲಿ ಸಿಕ್ಕಿತ್ತು. ಮರುವರ್ಷ ಆಗಸ್ಟ್ 8ಕ್ಕೆ ದೇಶವೇ ಬೀದಿಗಿಳಿಯಿತು. ಹೊರಗಿನವರು ಬರ್ಮಾದ ಆ ಎರಡು ವರ್ಷಗಳನ್ನು ನೋಟು, ಮೆರವಣಿಗೆ, ಗುಂಡು ಎಂದಷ್ಟೇ ಬಲ್ಲರು. ಅದೇ ದಿನಗಳಲ್ಲಿ ಒಬ್ಬ ಡಾಕ್ಟರಮ್ಮ ಬರೆದ ಪ್ರೇಮದ ಪುಸ್ತಕಕ್ಕಾಗಿ ಜನ ಜಗಳ ಆಡುತ್ತಿದ್ದರು ಎಂಬುದು ಯಾವ ವರದಿಯಲ್ಲೂ ಸಿಗುವುದಿಲ್ಲ.

ಇಂಗ್ಲಿಷಿನ ಜರಡಿ ಹಿಡಿಯುವುದು ಯಾವುದನ್ನು, ಬಿಡುವುದು ಯಾವುದನ್ನು ಎಂದು ತಿಳಿಯಲು ಇನ್ನೊಬ್ಬ ಡಾಕ್ಟರ್-ಲೇಖಕಿಯನ್ನು ನೋಡಿ. ಮಾ ಥೀಡಾ ಶಸ್ತ್ರವೈದ್ಯೆ, ಕತೆಗಾರ್ತಿ. 1993ರಲ್ಲಿ ಬಂಧನವಾಗಿ 20 ವರ್ಷದ ಶಿಕ್ಷೆಯಾಯಿತು. ಇನ್‌ಸೇನ್ ಜೈಲಿನಲ್ಲಿ ಐದೂವರೆ ವರ್ಷ, ಹೆಚ್ಚಿನದೆಲ್ಲ ಒಂಟಿ ಕೋಣೆಯಲ್ಲಿ, ಕ್ಷಯದಿಂದ ನರಳಿ, ವಿಪಶ್ಯನ ಧ್ಯಾನದ ಆಸರೆಯಲ್ಲಿ ಕಳೆದು 1999ರ ಫೆಬ್ರವರಿಯಲ್ಲಿ ಹೊರಬಂದರು. ದೊಡ್ಡ ಜೀವ. ಅವರ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಇರಲೇಬೇಕು. ಜೂ ಅವರ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಹುಡುಕಿ ನೋಡಿ, ಸುಲಭಕ್ಕೆ ಕೈಗೆ ಹತ್ತುವುದಿಲ್ಲ. ಸೆರೆಮನೆಯ ಪುಸ್ತಕ ಗಡಿ ದಾಟುತ್ತದೆ, ಅಲ್ಲಿನ ಹೆಂಗಸರು ಬಾಡಿಗೆಗೆ ತಂದು ಓದಿದ ಪುಸ್ತಕ ಅಲ್ಲೇ ಉಳಿಯುತ್ತದೆ. ಇಂಗ್ಲಿಷನ್ನೇ ನಂಬಿದ ಕನ್ನಡಕ್ಕೆ ಬರ್ಮಾ ಎಂದರೆ ಬರೀ ಬೂಟು, ಬಂದೂಕು, ಬೇಡಿ.

ಬಾಡಿಗೆ ಎಂದೆವಲ್ಲ, ಅದನ್ನು ಬಿಡಿಸಿ ಹೇಳಬೇಕು. ಬರ್ಮಾದಲ್ಲಿ ಕಾದಂಬರಿಯ ಮುದ್ರಣ ಸಂಖ್ಯೆ ನೋಡಿ ಓದುಗರ ಲೆಕ್ಕ ಹಾಕಿದರೆ ತಪ್ಪುತ್ತದೆ. ಪುಸ್ತಕ ಬಾಡಿಗೆ ಅಂಗಡಿಗಳು ಬೀದಿಬೀದಿಯಲ್ಲಿದ್ದ ದೇಶ ಅದು. ಒಂದು ಪ್ರತಿ ರಟ್ಟು ಹಾಕಿಸಿಕೊಂಡು, ಮೂಲೆ ಸವೆದು, ಪುಟ ಹಳದಿಯಾಗುವವರೆಗೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ನಮ್ಮೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಲೈಬ್ರರಿಗಳಿಂದ ಹೋದ ಪುಸ್ತಕಗಳನ್ನು ನಮ್ಮ ವಿಮರ್ಶಕರು ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದದ್ದೂ ಗೊತ್ತಿರುವುದೇ. ರೋಗಿಗಳನ್ನು ನೋಡುತ್ತಲೇ ಕಾದಂಬರಿ ಬರೆದ ಅನುಪಮಾ ನಿರಂಜನರನ್ನು ಮನೆಮನೆಯಲ್ಲಿ ಓದಿದ ಭಾಷೆ ನಮ್ಮದು. ಡಾಕ್ಟರಮ್ಮ ಕತೆ ಬರೆದರೆ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಂದು ‘ಬರ್ಮಾದ ಅನುಪಮಾ’ ಎಂದು ಹಿಂಬದಿಯಲ್ಲಿ ಅಚ್ಚುಹಾಕಿಬಿಡಬೇಡಿ. ಇಬ್ಬರಿಗೂ ಅನ್ಯಾಯ.

ಇನ್ನು ಕೆಲಸದ ಮಾತು. ಮೊದಲ ತೊಡಕು ಡಾಕ್ಟರ್ ಎಂಬ ಶಬ್ದದಲ್ಲೇ ಇದೆ. ಬರ್ಮೀಸಿನಲ್ಲಿ ಗುರು ‘ಸಯಾ’, ನಮ್ಮ ಆಚಾರ್ಯನ ದಾಯಾದಿ ಶಬ್ದ. ಡಾಕ್ಟರ್ ‘ಸಯಾವುನ್’, ವುನ್ ಎಂದರೆ ಹೊರೆ, ಹೊಣೆ ಹೊತ್ತ ಅಧಿಕಾರಿ ಎಂಬ ಅರ್ಥವೂ ಇದೆ. ಲೇಖಕ ‘ಸಾಯೇ ಸಯಾ’, ಬರೆಯುವ ಆಚಾರ್ಯ. ಹೆಣ್ಣಾದರೆ ಮೂವರಿಗೂ ಕೊನೆಗೊಂದು ‘ಮ’ ಸೇರಿ, ಎದುರಿಗೆ ಕರೆಯುವಾಗ ಮೂವರೂ ‘ಸಯಾಮ’. ಅಂದರೆ ಒಬ್ಬಾಕೆಯನ್ನು ಬೆಳಗ್ಗೆ ಕ್ಲಿನಿಕ್ಕಿನಲ್ಲಿ ರೋಗಿ ಸಯಾಮ ಎನ್ನುತ್ತಾನೆ, ಸಂಜೆ ಪುಸ್ತಕದಂಗಡಿಯಲ್ಲಿ ಓದುಗಳು ಸಯಾಮ ಎನ್ನುತ್ತಾಳೆ, ಶಬ್ದ ಬದಲಾಗುವುದಿಲ್ಲ. ಬುದ್ಧ, ಧಮ್ಮ, ಸಂಘ, ತಂದೆತಾಯಿ, ಗುರು, ಈ ಐದಕ್ಕೆ ಅಲ್ಲಿನ ಬೌದ್ಧರು ಎಣೆಯಿಲ್ಲದ ಗೌರವ ಕೊಡುತ್ತಾರೆ. ಆ ಐದನೆಯವರ ಹೆಸರನ್ನೇ ಎರಡೆರಡು ಸಲ ಹೊತ್ತ ಹೆಂಗಸು ಮದುವೆಯಾಚೆಯ ದೇಹದ ಬಗ್ಗೆ ಬರೆದದ್ದರಿಂದಲೇ ಆ ಗದ್ದಲ ಅಷ್ಟು ಬಿರುಸಾಯಿತೆಂದು ನಮ್ಮ ಎಣಿಕೆ.

ಇಂಗ್ಲಿಷಿನಲ್ಲಿ ಈ ಸಯಾಮ ‘ಡಾಕ್ಟರ್’, ‘ಟೀಚರ್’, ‘ಮ್ಯಾಡಮ್’ ಎಂದು ಮೂರು ಚೂರಾಗುತ್ತಾಳೆ. ಕನ್ನಡದಲ್ಲಿ ಚೂರಾಗದಂತೆ ತರಲು ದಾರಿಯಿದೆ. ಹಳ್ಳಿಯ ರೋಗಿಯ ಬಾಯಲ್ಲಿ ‘ಡಾಕ್ಟ್ರಮ್ಮ’, ಶಾಲೆಯ ಹುಡುಗನ ಬಾಯಲ್ಲಿ ‘ಟೀಚರಮ್ಮ’. ಆ ‘ಅಮ್ಮ’ ಎರಡು ಕಡೆಯೂ ಉಳಿದು ಕೊಂಡಿಯಾಗುತ್ತದೆ. ಪುಟಕ್ಕೆ ಹತ್ತು ಸಲ ‘ಸಯಾಮ’ ಎಂದೇ ಇಟ್ಟು ಕೆಳಗೆ ಅಡಿಟಿಪ್ಪಣಿ ಹಾಕುವುದು ಸೋಮಾರಿ ಕೆಲಸ. ಮೊದಲ ಅಧ್ಯಾಯದಲ್ಲಿ ಒಂದೆರಡು ಸಲ ಮೂಲ ಶಬ್ದ ಬಂದು ಹೋದರೆ ಸಾಕು.

ಎರಡನೆಯದು ‘ನಾನು’. ಬರ್ಮೀಸಿನಲ್ಲಿ ಮರ್ಯಾದೆಯಿಂದ ಮಾತಾಡುವ ಹೆಂಗಸು ತನ್ನನ್ನು ‘ಚಮ’ ಎನ್ನುತ್ತಾಳೆ, ಗಂಡಸು ‘ಚನೋ’ ಎನ್ನುತ್ತಾನೆ. ಎರಡರ ಬುಡದಲ್ಲೂ ತೊತ್ತು, ಆಳು ಎಂಬರ್ಥದ ಶಬ್ದವಿದೆ. ನಾನು ಎಂದ ಕೂಡಲೇ ಹೆಣ್ಣೋ ಗಂಡೋ ತಿಳಿದುಹೋಗುತ್ತದೆ. ಆದರೆ ‘ಅವನು’ ‘ಅವಳು’ ಎರಡಕ್ಕೂ ಮಾತಿನಲ್ಲಿ ‘ಥು’ ಒಂದೇ. ಬರಹದಲ್ಲಿ ಮಾತ್ರ ಹೆಣ್ಣಿಗೆ ‘ಥುಮ’ ಎಂದು ಬಳಸುವ ರೂಢಿ ಬಂದಿದೆ. ಕ್ರಿಯಾಪದದಲ್ಲೂ ಲಿಂಗವಿಲ್ಲ. ಕನ್ನಡ ಇದಕ್ಕೆ ತದ್ವಿರುದ್ಧ: ‘ನಾನು ಬಂದೆ’ ಎಂದರೆ ಯಾರೆಂದು ತಿಳಿಯದು, ‘ಬಂದಳು’ ಎಂದರೆ ತಿಳಿದೇ ತೀರುತ್ತದೆ. ಆದ್ದರಿಂದ ಒಂದನೇ ಪುಟದಲ್ಲಿ ‘ಚಮ’ ಎಂದು ತಾನಾಗಿಯೇ ತಿಳಿದದ್ದನ್ನು ಕನ್ನಡದಲ್ಲಿ ಬೇರೆ ಬಗೆಯಲ್ಲಿ ತೋರಿಸಬೇಕು, ಯಾರೋ ಒಬ್ಬರು ಅವಳನ್ನು ಕರೆಯುವ ಮಾತಿನಲ್ಲೋ, ನಮ್ಮವರು ಸೆರಗು ಸರಿಪಡಿಸಿಕೊಳ್ಳುವಂತೆ ಅವಳು ತನ್ನ ಥಮೈನ್, ಅಂದರೆ ಹೆಂಗಸರ ಲುಂಗಿ, ಬಿಗಿ ಮಾಡಿಕೊಳ್ಳುವುದರಲ್ಲೋ. ಹಾಗೆಯೇ ಮೂಲದಲ್ಲಿ ‘ಥು ಬಂದಿದೆ’ ಎಂದು ಅರ್ಧ ಪುಟ ಮುಚ್ಚಿಟ್ಟ ಗುಟ್ಟನ್ನು ಕನ್ನಡದ ಕ್ರಿಯಾಪದ ಒಡೆದುಬಿಡುತ್ತದೆ. ಅಂಥಲ್ಲಿ ‘ಬಂದದ್ದು ಗೊತ್ತಾಯಿತು’, ‘ಬಾಗಿಲು ತಟ್ಟಿದ ಸದ್ದು’ ಎಂದು ಸುತ್ತಿ ಬರೆಯಬೇಕು. ಇಂಗ್ಲಿಷಿನಿಂದ ಅನುವಾದಿಸುವವರಿಗೆ ಈ ಜಾಗ ಕಾಣುವುದೇ ಇಲ್ಲ, ಅಲ್ಲಿ ಆಗಲೇ ‘ಹೀ’ ಅಥವಾ ‘ಶೀ’ ಬಂದು ಕೂತಿರುತ್ತದೆ.

ಪ್ರೇಮದ ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಹಳ್ಳ ಇನ್ನೊಂದಿದೆ. ಬರ್ಮೀಸ್ ಹೆಣ್ಣು ಪ್ರಿಯಕರನನ್ನು ‘ಕೋ’ ಎಂದು ಕರೆಯುತ್ತಾಳೆ, ಇಲ್ಲವೇ ‘ಮೌಂಗ್’ ಎನ್ನುತ್ತಾಳೆ. ನಿಘಂಟು ತೆಗೆದರೆ ಕೋ ಎಂದರೆ ಅಣ್ಣ, ಮೌಂಗ್ ಎಂದರೆ ತಮ್ಮ. ಹಾಗೇ ಬರೆದರೆ ಕನ್ನಡದಲ್ಲಿ ಕತೆ ಅಲ್ಲಿಗೇ ಕೆಟ್ಟಿತು, ಓದುಗ ಪುಸ್ತಕ ಮುಚ್ಚುತ್ತಾನೆ. ಇಂಗ್ಲಿಷಿನಲ್ಲಿ ಇದು ‘ಡಾರ್ಲಿಂಗ್’ ಆಗಿರುತ್ತದೆ. ಅದರಿಂದ ಕನ್ನಡಕ್ಕೆ ತಂದರೆ ‘ಪ್ರಿಯ’, ‘ನಲ್ಲ’ ಎಂಬ ನಾಟಕದ ಮಾತಾಗುತ್ತದೆ. ನಮ್ಮಲ್ಲಿ ಏನಿದೆ? ಮದುವೆಯಾದವರಿಗೆ ‘ರೀ’ ಇದೆ, ಹಳ್ಳಿಗಳಲ್ಲಿ ‘ಮಾವ’ ಇದೆ, ಕಾಲೇಜಿನವರಿಗೆ ಬರೀ ಹೆಸರಿದೆ. ಮದುವೆಯಾಗದ ಜೋಡಿಯ ನಡುವೆ ‘ರೀ’ ಬಂದರೆ ಅದೇ ಒಂದು ಅರ್ಥ ಕೊಡುತ್ತದೆ. ಹೆಂಡತಿಯಲ್ಲದವಳು ಹೆಂಡತಿಯ ಮಾತು ಆಡುತ್ತಿದ್ದಾಳೆ ಎಂದು ಓದುಗರಿಗೆ ಥಟ್ಟನೆ ಹೊಳೆಯುತ್ತದೆ. ಆ ‘ರೀ’ಯನ್ನು ಯಾವ ಅಧ್ಯಾಯದಿಂದ ಶುರು ಮಾಡಬೇಕು ಎಂಬುದನ್ನು ಅನುವಾದಕರು ಮೊದಲೇ ನಿರ್ಧರಿಸಿಕೊಳ್ಳಬೇಕು. ಅದಕ್ಕೆ ಮುಂಚೆ ಹೆಸರು ಹಿಡಿದೇ ಕರೆಯಲಿ, ಹೆಸರಿಗೆ ಮೊದಲು ‘ಕೋ’ ಸೇರಿಸಿ. ‘ಕೋ’ ಇಲ್ಲಿ ಹೆಸರಿನ ಭಾಗವಾಗಿ ಕೂರುತ್ತದೆ, ಅಣ್ಣ ಎಂದು ಯಾರಿಗೂ ಅನ್ನಿಸುವುದಿಲ್ಲ.

ಹೆಸರುಗಳ ವಿಷಯ ಬಂತು. ಬರ್ಮೀಸರಿಗೆ ಮನೆತನದ ಹೆಸರಿಲ್ಲ. ತಿನ್ ತಿನ್ ವಿನ್ ಎಂಬ ಮೂರೂ ಅವರದೇ. ‘ವಿನ್ ಅವರ ಕಾದಂಬರಿ’ ಎಂದು ಕೊನೆಯ ತುಂಡು ಹಿಡಿದು ಬರೆದರೆ ತಪ್ಪು. ಮಾ, ಡೋ ಎನ್ನುವುದು ಹೆಂಗಸರಿಗೆ, ಮೌಂಗ್, ಕೋ, ಊ ಎನ್ನುವುದು ಗಂಡಸರಿಗೆ, ವಯಸ್ಸು ಸ್ಥಾನ ನೋಡಿ ಹೆಸರಿಗೆ ಮೊದಲು ಹಾಕುವ ಗೌರವದ ಮಾತುಗಳು. ನಮ್ಮಲ್ಲಿ ನಕ್ಷತ್ರದ ಪಾದ ನೋಡಿ ಹೆಸರಿನ ಮೊದಲಕ್ಷರ ಆರಿಸುವಂತೆ ಅಲ್ಲಿ ಹುಟ್ಟಿದ ವಾರ ನೋಡಿ ಆರಿಸುವ ಪದ್ಧತಿ: ಕ ವರ್ಗ ಸೋಮವಾರಕ್ಕೆ, ಚ ವರ್ಗ ಮಂಗಳವಾರಕ್ಕೆ, ಪ ವರ್ಗ ಗುರುವಾರಕ್ಕೆ, ತ ವರ್ಗ ಶನಿವಾರಕ್ಕೆ. ಬುಧವಾರ ಮಧ್ಯಾಹ್ನಕ್ಕೆ ಒಡೆದು ಎರಡಾಗುತ್ತದೆ, ಹಾಗಾಗಿ ವಾರಕ್ಕೆ ಎಂಟು ದಿನ. ಪಾತ್ರದ ಹೆಸರು ಕೇಳಿದ ಬರ್ಮೀಸ್ ಓದುಗರು ಅದರ ವಾರವನ್ನೂ, ವಾರದ ಜೊತೆ ಅಂಟಿದ ಸ್ವಭಾವವನ್ನೂ ಊಹಿಸುತ್ತಾರೆ. ಹೀಗಿರುವಾಗ ಉಚ್ಚಾರ ಸುಲಭವಾಗಲೆಂದು ಹೆಸರು ತಿದ್ದಬೇಡಿ.

ಹೆಸರನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ಇಲ್ಲಿ ನಮ್ಮ ಲಿಪಿಗೆ ಇಂಗ್ಲಿಷಿಗಿಲ್ಲದ ಅನುಕೂಲವಿದೆ. ಬರ್ಮೀಸ್ ಲಿಪಿಯೂ ಬ್ರಾಹ್ಮಿಯ ಮಗುವೇ, ಅಲ್ಲೂ ಕ ಖ ಗ ಘ ಙ ಎಂದೇ ವರ್ಣಮಾಲೆ, ಪಾಲಿಯಿಂದ ಬಂದ ಮಾತುಗಳಲ್ಲಿ ಅಲ್ಲೂ ಒತ್ತಕ್ಷರ. ಮಂಡಲೇ ಎಂಬುದನ್ನು ಅವರು ನ ಕೆಳಗೆ ತ ಒತ್ತು ಕೊಟ್ಟು ‘ಮನ್ತಲೇಃ’ ಎಂದೇ ಬರೆಯುತ್ತಾರೆ. ದನಿಯ ಏರಿಳಿತದಿಂದ ಶಬ್ದದ ಅರ್ಥ ಬೇರೆಯಾಗುವ ಅಲ್ಲಿನ ಸ್ವರಭೇದಕ್ಕೂ ಇದೇ ನೆರವಾಗುತ್ತದೆ: ಗಂಟಲು ಬಿಗಿಹಿಡಿದ ಗಿಡ್ಡ ಸ್ವರವನ್ನು ಹ್ರಸ್ವದಲ್ಲಿ, ತಗ್ಗಿನ ಸ್ವರವನ್ನು ದೀರ್ಘದಲ್ಲಿ, ಎತ್ತರದ ಸ್ವರವನ್ನು ದೀರ್ಘಕ್ಕೆ ವಿಸರ್ಗ ಸೇರಿಸಿ ಬರೆಯುವುದು ಅಲ್ಲಿನ ಕ್ರಮ. ಹ್ರಸ್ವ ದೀರ್ಘ ಸರಿಯಾಗಿ ಹಾಕಿದರೆ ಅರ್ಧ ಕೆಲಸ ಮುಗಿಯಿತು, ವಿಸರ್ಗ ಬಿಟ್ಟರೆ ನಷ್ಟವಿಲ್ಲ.

ಎಚ್ಚರ ಬೇಕಾದದ್ದು ಅಕ್ಷರ ಒಂದು, ಉಲಿ ಇನ್ನೊಂದು ಆಗುವಲ್ಲಿ. ಬರೆಯುವುದು ರ, ಓದುವುದು ಯ. ರಖೈನ್ ಕಡೆಯವರು ಮಾತ್ರ ಈಗಲೂ ರ ಎನ್ನುತ್ತಾರೆ. ಬರೆಯುವುದು ಸ, ಓದುವಾಗ ನಾಲಗೆ ಹಲ್ಲಿನ ನಡುವೆ ಬಂದು ಥ. ಮೇಲೆ ಹೇಳಿದ ಥೀಡಾ ಎಂಬ ಹೆಸರನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕಿಳಿಸಿದರೆ ‘ಸೀತಾ’. ಕ್ಯ ಎಂದು ಬರೆದದ್ದು ಚ ಆಗುತ್ತದೆ, ಗ್ಯ ಎಂದು ಬರೆದದ್ದು ಜ ಆಗುತ್ತದೆ. ಇದು ತಿಳಿಯದೆ ಇಂಗ್ಲಿಷ್ ಕಾಗುಣಿತ ನಂಬಿದ್ದಕ್ಕೇ ನಮ್ಮ ಪತ್ರಿಕೆಗಳಲ್ಲಿ ‘ಸು ಚೀ’ ಹೋಗಿ ‘ಸೂ ಕಿ’ ಆಯಿತು, ಅಲ್ಲಿನ ನಾಣ್ಯ ‘ಚಾಟ್’ ಹೋಗಿ ‘ಕ್ಯಾಟ್’ ಆಯಿತು. ದೇಶದ ಹೆಸರಿನ ಗತಿ ಇನ್ನೂ ಸ್ವಾರಸ್ಯ. ಅವರು ಬರೆಯುವುದು ‘ಮ್ರನ್‌ಮಾ’, ಅನ್ನುವುದು ‘ಮ್ಯನ್ಮಾ’. ಕೊನೆಯ ದೀರ್ಘ ತೋರಿಸಲು ಇಂಗ್ಲಿಷಿನವರು ಹಾಕಿದ ಸದ್ದಿಲ್ಲದ ಒಂದು ಅಕ್ಷರವನ್ನು ನಾವು ಗಟ್ಟಿಯಾಗಿ ಓದಿ ‘ಮ್ಯಾನ್ಮಾರ್’ ಎಂದೆವು. ಮೊದಲಲ್ಲಿದ್ದ ರ ಕಳೆಯಿತು, ಕೊನೆಯಲ್ಲಿ ಇಲ್ಲದ ರ್ ಬಂತು. ಬೇರೂರಿದ್ದನ್ನು ಈಗ ಕೀಳಬೇಕಿಲ್ಲ. ಹೊಸ ಹೆಸರುಗಳಿಗೆ ಈ ಗತಿ ಬಾರದಿರಲಿ.

1987ರ ಆ ಕಾದಂಬರಿಯ ಹೆಸರನ್ನೇ ನೋಡಿ. ಅಕ್ಷರದಲ್ಲಿ ‘ಅಮ್ಹತ್‌ತರ’, ಉಲಿಯಲ್ಲಿ ‘ಅಮ್ಹಾತ್‌ತಯ’. ನೆನಪಿಗೆಂದು ಕೊಟ್ಟದ್ದು, ಗುರುತಾಗಿ ಉಳಿದದ್ದು ಎಂದರ್ಥ. ಇಂಗ್ಲಿಷಿನ ದಾರಿಯಲ್ಲಿ ಬಂದವರು ಇದನ್ನು ‘ಸ್ಮರಣೆ’ ಎನ್ನುತ್ತಾರೆ, ಅದು ಶ್ರದ್ಧಾಂಜಲಿ ಸಭೆಯ ಶಬ್ದ. ಕೊನೆಯ ವರ್ಷದ ಕಾಲೇಜು ಹುಡುಗಿಯರ ಆಟೋಗ್ರಾಫ್ ಪುಸ್ತಕದಲ್ಲಿ, ಫೋಟೋದ ಬೆನ್ನಿಗೆ, ಉಡುಗೊರೆ ಕೊಟ್ಟ ಪುಸ್ತಕದ ಮೊದಲ ಹಾಳೆಯಲ್ಲಿ ಏನು ಬರೆಯುತ್ತಿದ್ದೆವೋ ಅದು ಬೇಕು. ‘ನೆನಪಿಗಾಗಿ’ ಎಂಬುದು ನಮಗೆ ಸರಿ ಕಂಡದ್ದು. ಇದಕ್ಕಿಂತ ಒಳ್ಳೆಯದು ಹೊಳೆದವರು ಅದನ್ನೇ ಇಡಲಿ.

ಮನೆಬಳಕೆಯ ಮಾತುಗಳಲ್ಲಿ ಇಂಗ್ಲಿಷಿಗಿಂತ ನಾವೇ ಹತ್ತಿರ. ಥನಖಾ ಎಂದರೆ ಹೆಂಗಸರು ಕೆನ್ನೆಗೆ ಹಚ್ಚುವ ತೊಗಟೆಯ ಗಂಧ; ಇಂಗ್ಲಿಷಿನಲ್ಲಿ ಅದು ಏನೋ ‘ಪೇಸ್ಟ್’. ಕನ್ನಡದಲ್ಲಿ ‘ಸಾಣೇಕಲ್ಲಿನ ಮೇಲೆ ನೀರು ಚಿಮುಕಿಸಿ ಥನಖಾ ತೇಯ್ದಳು’ ಎಂದರೆ ಕಲ್ಲು, ಕೈ, ಪರಿಮಳ ಮೂರೂ ಬಂದವು. ಲೊಂಜಿ ನಮ್ಮ ಲುಂಗಿಯೇ, ಹೆಂಗಸರದ್ದಾದರೆ ಥಮೈನ್. ಮೋಸ ಹೋಗುವುದು ‘ಸೇ’ ಎಂಬ ಪುಟ್ಟ ಶಬ್ದದಲ್ಲಿ. ಸೇ ಎಂದರೆ ಔಷಧಿ, ಬಣ್ಣವೂ ಹೌದು, ಹೊಗೆಸೊಪ್ಪೂ ಹೌದು. ಸೇಯೋನ್ ಆಸ್ಪತ್ರೆ, ಸೇಗಾನ್ ಕ್ಲಿನಿಕ್, ಸೇಲೇಯ್ ಮಾತ್ರ ಚುಟ್ಟಾ. ಡಾಕ್ಟರರ ಕಾದಂಬರಿಯಲ್ಲಿ ಈ ಶಬ್ದ ಎಷ್ಟು ಕಡೆ ಬರಬಹುದೆಂದು ಯೋಚಿಸಿ. ಮುದುಕ ಬಾಯಿಗಿಟ್ಟದ್ದು ಮಾತ್ರೆಯೋ ಚುಟ್ಟಾವೋ ಎಂದು ಸಾಲಿನ ಉಳಿದರ್ಧ ಓದದೆ ಬರೆಯುವಂತಿಲ್ಲ.

ಭಾಷೆಯ ಮಟ್ಟದ ವಿಷಯದಲ್ಲಿ ಒಂದು ಮಾತು. ಬರ್ಮೀಸಿಗೂ ಗ್ರಾಂಥಿಕ ಬೇರೆ, ಆಡುಮಾತು ಬೇರೆ. ವಾಕ್ಯದ ಬಾಲ ‘ಥೀ’ ಎಂದು ಮುಗಿದರೆ ಗ್ರಾಂಥಿಕ, ‘ದೆ’ ಎಂದು ಮುಗಿದರೆ ಆಡುಮಾತು. ಬರಹಕ್ಕೂ ಆಡುಮಾತೇ ಸಾಕೆಂದು 1965ರಲ್ಲಿ ಮಂಡಲೇ ಕಡೆಯ ಲೇಖಕರ ಗುಂಪು ಪಟ್ಟುಹಿಡಿದದ್ದೂ ಉಂಟು. ಅನುವಾದಕ್ಕೆ ಕೂರುವ ಮುನ್ನ ಇಡೀ ಪುಸ್ತಕದ ವಾಕ್ಯಗಳ ಬಾಲಗಳನ್ನಷ್ಟೇ ನೋಡಿಕೊಂಡು ಹೋಗಿ, ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಲೇಖಕಿ ದನಿ ಬದಲಿಸಿದ ಜಾಗಗಳವು. ಕನ್ನಡದಲ್ಲೂ ‘ಹೋಗಿದ್ದಳು’ ಯಾವಾಗ ‘ಹೋಗಿದ್ಲು’ ಆಗಬೇಕೆಂದು ಆ ಗೆರೆಗಳೇ ಹೇಳುತ್ತವೆ.

ಇದನ್ನೆಲ್ಲ ಮಾಡುವವರು ಎಲ್ಲಿದ್ದಾರೆ ಎನ್ನುತ್ತೀರಿ. ಕನ್ನಡ, ಬರ್ಮೀಸ್ ಎರಡೂ ನೀರು ಕುಡಿದಂತೆ ಬಲ್ಲ ಒಬ್ಬರಿಗಾಗಿ ಕಾಯಬೇಡಿ, ಇಬ್ಬರನ್ನು ಕೂರಿಸಿ. 1962ರ ನಂತರ ಅಂಗಡಿ ಮುಂಗಟ್ಟು ರಾಷ್ಟ್ರೀಕರಣವಾಗಿ ಬರಿಗೈಯಲ್ಲಿ ಮರಳಿದ ತಮಿಳರು ಚೆನ್ನೈನಲ್ಲಿದ್ದಾರೆ. ಬರ್ಮಾ ಬಜಾರ್ ಅವರದೇ ನೆನಪು. ಅವರಲ್ಲಿ ಹಿರಿಯರು ಬರ್ಮೀಸ್ ಓದಬಲ್ಲರು. ತಮಿಳು ಬಲ್ಲ ಕನ್ನಡ ಅನುವಾದಕರಿಗೆ ನಮ್ಮಲ್ಲಿ ಬರವಿಲ್ಲ. ಒಬ್ಬರು ಬರ್ಮೀಸ್ ಸಾಲು ಗಟ್ಟಿಯಾಗಿ ಓದಿ ತಮಿಳಿನಲ್ಲಿ ಬಿಡಿಸಬೇಕು, ಇನ್ನೊಬ್ಬರು ಕನ್ನಡದಲ್ಲಿ ಬರೆಯಬೇಕು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ಕ್ರಮ ಮೂರು ಭಾಷೆಗೂ ಒಂದೇ ಆದ್ದರಿಂದ ವಾಕ್ಯ ತಲೆಕೆಳಗಾಗುವುದಿಲ್ಲ. ವಾರಕ್ಕೆ ಎರಡು ಸಲ ಕೂತು ಸಲಕ್ಕೆ 6ರಿಂದ 8 ಪುಟ ಸಾಗಿದರೆ 250 ಪುಟದ ಕಾದಂಬರಿಗೆ ನಾಲ್ಕೈದು ತಿಂಗಳು, ತಿದ್ದಲು ಇನ್ನೆರಡು ತಿಂಗಳು. ಒಂದು ಕೂಟಕ್ಕೆ 8 ಪುಟ ಮೀರಿದರೆ ಓದುವವರು ಸುಸ್ತಾಗಿ ಸಾರಾಂಶ ಹೇಳತೊಡಗುತ್ತಾರೆ. ಸಾರಾಂಶ ಶುರುವಾದ ದಿನ ಕೆಲಸ ನಿಲ್ಲಿಸಿ. ಗೌರವಧನ ಇಬ್ಬರಿಗೂ ಸಮ, ಮುಖಪುಟದಲ್ಲಿ ಹೆಸರೂ ಇಬ್ಬರದು. ಇದು ಕರಾರಿನಲ್ಲೇ ಇರಲಿ. ಅನುದಾನದ ಅರ್ಜಿಯಲ್ಲಿ ‘ಅನುವಾದಕರ ಹೆಸರು’ ಎಂದು ಒಂದೇ ಗೆರೆ ಇದ್ದರೆ ಪ್ರಾಧಿಕಾರ ಅದನ್ನು ಎರಡು ಮಾಡಿಕೊಡಲಿ.

ಪಠ್ಯ ಗಣಕಕ್ಕೆ ಬಂದಾಗ ಇನ್ನೊಂದು ತಲೆನೋವು, ಕನ್ನಡಿಗರಿಗೆ ಇದೂ ಹಳೆಯದೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನ ಕಡತ ಯೂನಿಕೋಡಿನಲ್ಲಿ ತೆರೆದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಬರ್ಮಾದಲ್ಲಿ ಆ ಹಳೆಯ ಫಾಂಟು ಜೋಜಿ. ದೇಶ ಅಧಿಕೃತವಾಗಿ ಯೂನಿಕೋಡಿಗೆ ಹೊರಳಿದ್ದು 2019ರ ಅಕ್ಟೋಬರ್ 1ರಂದು. ಅದಕ್ಕೆ ಹಿಂದಿನ ಕಡತವಾದರೆ ಜೋಜಿ ಎಂದೇ ಶಂಕಿಸಿ, ಪತ್ತೆ ಹಚ್ಚಿ ಬದಲಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಎರಡು ಕಡೆ ಕಣ್ಣಿಡಿ: ಒತ್ತಕ್ಷರ, ಮತ್ತು ‘ಏ’ ಕಾರದ ಚಿಹ್ನೆ. ಆ ಚಿಹ್ನೆ ಬರೆಯುವಾಗ ವ್ಯಂಜನದ ಎಡಕ್ಕೆ ಬರುತ್ತದೆ. ಜೋಜಿಯಲ್ಲಿ ಅದನ್ನು ಕಂಡಂತೆಯೇ ಮೊದಲು ಒತ್ತುತ್ತಿದ್ದರು, ಯೂನಿಕೋಡಿನಲ್ಲಿ ವ್ಯಂಜನದ ನಂತರ ಕೂರಬೇಕು. ಸರಿಯಾಗಿ ಕೂರದಿದ್ದರೆ ಪಕ್ಕದ ಅಕ್ಷರಕ್ಕೆ ಅಂಟಿ ಬೇರೆಯೇ ಶಬ್ದವಾಗುತ್ತದೆ. ಬರ್ಮೀಸಿನಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಪದಪುಂಜಗಳ ನಡುವೆ ಮಾತ್ರ. ಯಂತ್ರಾನುವಾದ ತಪ್ಪಾದ ಕಡೆ ಕತ್ತರಿಸಿ ತಪ್ಪಾದ ಅರ್ಥ ಕೊಟ್ಟರೂ ವಾಕ್ಯ ನುಣ್ಣಗೇ ಇರುತ್ತದೆ, ಅದೇ ಅಪಾಯ.

ಯಾವ ಮುದ್ರಣದಿಂದ ಅನುವಾದಿಸಬೇಕು ಎಂಬುದನ್ನೂ ಕೇಳಿ ತಿಳಿಯಬೇಕು. 1962ರ ಮುದ್ರಣ ಕಾನೂನಿನಿಂದ ಶುರುವಾಗಿ 2012ರ ಆಗಸ್ಟ್ 20ರವರೆಗೆ ಅಲ್ಲಿ ಪ್ರಕಟಣೆಗೆ ಮುಂಚೆ ತಪಾಸಣೆಯಿತ್ತು. ಮಾಸಪತ್ರಿಕೆಗಳಲ್ಲಿ ಅಚ್ಚಾದ ಮೇಲೂ ಸಾಲುಗಳ ಮೇಲೆ ಬೆಳ್ಳಿ ಮಸಿ ಬಳಿಸುತ್ತಿದ್ದರು, ಪುಟ ಕೀಳಿಸುತ್ತಿದ್ದರು, ನಷ್ಟ ಪ್ರಕಾಶಕನದು. ಹಾಗಾಗಿ ಆ ಕಾಲದ ಯಾವ ಪುಸ್ತಕ ಹಿಡಿದರೂ ಇದು ಲೇಖಕರು ಬರೆದದ್ದೋ, ತಪಾಸಣೆಯವರು ಬಿಟ್ಟದ್ದೋ ಎಂದು ಕೇಳಲೇಬೇಕು. 2012ರ ನಂತರದ ಮುದ್ರಣ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಯಾವ ಪಠ್ಯ ತಮ್ಮದೆಂದು ಲೇಖಕಿಯನ್ನೇ ಕೇಳಿ.

ಹಕ್ಕು ಮತ್ತು ಹಣ. ಬ್ರಿಟಿಷರ ಕಾಲದ 1914ರ ಕೃತಿಸ್ವಾಮ್ಯ ಕಾಯಿದೆಯೇ ಅಲ್ಲಿ ನೂರು ವರ್ಷ ನಡೆಯಿತು. 2019ರಲ್ಲಿ ಮಾಡಿದ ಹೊಸ ಕಾಯಿದೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 31ಕ್ಕೆ. ಈ ಸಂದಿಯಲ್ಲಿ ನುಸುಳಿ ‘ಕೇಳುವವರು ಯಾರು’ ಎನ್ನುವ ಪ್ರಕಾಶಕರು ಹೊರಡಬಹುದು, ದಯವಿಟ್ಟು ಬೇಡ. ಲಿಖಿತ ಒಪ್ಪಿಗೆ ಪಡೆಯಿರಿ, ಮುಂಗಡ ಕೊಡಿ. ಕೊಡುವುದು ಸುಲಭವಲ್ಲ ಎಂಬುದೂ ಗೊತ್ತಿರಲಿ. 2022ರ ಅಕ್ಟೋಬರ್‌ನಲ್ಲಿ ಕಪ್ಪುಹಣದ ಸಾಗಾಟದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಆ ದೇಶವನ್ನು ಕಪ್ಪುಪಟ್ಟಿಗೆ ಸೇರಿಸಿದ ಮೇಲೆ ಯಾಂಗೊನ್‌ಗೆ ಹಣ ಕಳಿಸಿದರೆ ಬ್ಯಾಂಕುಗಳು ಕಾಗದದ ಮೇಲೆ ಕಾಗದ ಕೇಳುತ್ತವೆ. ಹೋದ ಹಣ ಅಧಿಕೃತ ದರದಲ್ಲಿ ಬದಲಾದರೆ ಪೇಟೆಯ ಬೆಲೆಗಿಂತ ಬಹಳ ಕಡಿಮೆ ಕೈಸೇರುತ್ತದೆ. ಎಲ್ಲಿ, ಯಾವ ನಾಣ್ಯದಲ್ಲಿ, ಯಾರ ಮೂಲಕ ಎಂಬುದನ್ನು ಲೇಖಕಿಯ ಅನುಕೂಲಕ್ಕೆ ಬಿಟ್ಟು ಕರಾರಿನಲ್ಲಿ ಬರೆಯಿರಿ. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ನಂತರ ಅಲ್ಲಿ ಮೊದಲು ಕೆಲಸ ಬಿಟ್ಟು ಪ್ರತಿಭಟಿಸಿದವರು ಸರ್ಕಾರಿ ಆಸ್ಪತ್ರೆಗಳ ಡಾಕ್ಟರರು, ಸೆರೆಯಾದವರಲ್ಲಿ ಸಾಹಿತಿಗಳೂ ಇದ್ದಾರೆ. ಪುಸ್ತಕ ಬಿಡುಗಡೆಯ ದಿನ ಆನ್‌ಲೈನ್ ಸಂವಾದಕ್ಕೆ ಕೂರಿಸಿ ‘ನಿಮ್ಮ ದೇಶದ ಸ್ಥಿತಿ ಹೇಗಿದೆ ಮೇಡಂ’ ಎಂದು ಕೇಳಿ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ, ಅಲ್ಲಿರುವವರು ಅಲ್ಲೇ ಇರಬೇಕು. ಆ ಪ್ರಶ್ನೆ ಬೇಡ.

ಪ್ರಾಧಿಕಾರಕ್ಕೆ ಒಂದು ಸಂಗತಿ ನೆನಪಿಸುತ್ತೇವೆ. ಬರ್ಮಾ ಸ್ವತಂತ್ರವಾದದ್ದು 1948ರ ಜನವರಿ 4ರಂದು. ಅದಕ್ಕೂ ಮುಂಚೆ, 1947ರಲ್ಲೇ, ಹೊರಗಿನ ಜ್ಞಾನವನ್ನು ಬರ್ಮೀಸಿಗೆ ತರಲು ಅವರು ಅನುವಾದ ಸಂಘ ಕಟ್ಟಿದ್ದರು. ಮುಂದೆ ಅದು ‘ಸಾಪೇ ಬೇಯ್‌ಮಾನ್’ ಆಯಿತು, ಸಾಹಿತ್ಯದ ಸೌಧ. ಬೇಯ್‌ಮಾನ್ ಎಂಬುದು ಬೇರೇನಲ್ಲ, ಗುಡಿಯ ಶಿಖರಕ್ಕೆ ನಾವೆನ್ನುವ ‘ವಿಮಾನ’ವೇ.

ಮೊದಲಿಗೆ ಇಡೀ ಪುಸ್ತಕ ಬೇಡ. 20 ಪುಟದ ಮಾದರಿ ಮಾಡಿಸಿ, ‘ಕೋ’ ಮತ್ತು ‘ಸಯಾಮ’ ಎರಡೂ ಬರುವ ಅಧ್ಯಾಯ ಆರಿಸಿ. ಅದನ್ನು ಬರ್ಮೀಸ್ ಬಾರದ ಇಬ್ಬರಿಗೆ ಓದಲು ಕೊಟ್ಟು, ಎಲ್ಲಿ ತಡವರಿಸಿದರೋ ಅಲ್ಲಿ ಗುರುತು ಹಾಕಿಸಿ. ಆಮೇಲೆ ಅನುದಾನದ ಮಾತು.

ಮುಖಪುಟದಲ್ಲಿ ಚಿನ್ನದ ಪಗೋಡ, ಎಣ್ಣೆಕಾಗದದ ಕೊಡೆ, ಸ್ಟೆತೊಸ್ಕೋಪು ಮೂರೂ ಬೇಡ. ಬೆನ್ನುಪಟ್ಟಿಯ ಮೇಲೆ ಲೇಖಕಿಯ ಹೆಸರೊಂದೇ ಉಳಿದ ಸಮಸ್ಯೆ. ಮೂಲದಲ್ಲಿ ಅದು ಗ ಕೆಳಗೆ ಯ ಒತ್ತು, ದೀರ್ಘ ಊ, ವಿಸರ್ಗ: ‘ಗ್ಯೂಃ’. ಓದುವುದು ‘ಜೂ’. ಕನ್ನಡದಲ್ಲಿ ಬರೀ ‘ಜೂ’ ಎಂದು ಅಚ್ಚಾದರೆ ಮೈಸೂರಿನವರು ಆನೆ ಜಿರಾಫೆಯ ಚಿತ್ರ ಹುಡುಕುತ್ತಾರೆ, ಗ್ರಂಥಾಲಯದವರು ಪ್ರಾಣಿಶಾಸ್ತ್ರದ ಕಪಾಟಿಗೆ ಇಟ್ಟರೂ ಆಶ್ಚರ್ಯವಿಲ್ಲ. ‘ಡಾ. ಜೂ’ ಎಂದರೆ ಇನ್ನೂ ಕೆಡುತ್ತದೆ. ‘ಜೂ’ ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ಆ ದುಂಡು ಬರ್ಮೀಸ್ ಅಕ್ಷರಗಳಲ್ಲೇ ಸಣ್ಣದಾಗಿ ಇನ್ನೊಮ್ಮೆ ಅಚ್ಚು ಹಾಕಿ. ವಿಸರ್ಗದ ಎರಡು ಸೊನ್ನೆಗಳನ್ನು ಕನ್ನಡ ಓದುಗರು ತಾವೇ ಗುರುತಿಸುತ್ತಾರೆ.

ಇತಿ,
ಬರ್ಮೀಸ್ ಸಾಹಿತ್ಯದ ಕೆಲವು ಕನ್ನಡ ಓದುಗರು